ವಿಷಯ: ಕರದಂಟು ಮಾಡುವ ವಿಧಾನ

ಜುಲೈ ೬, ಭಾನುವಾರ. ಗೋಕಾಕ

ನಮ್ಮ ಕ್ಲಾಸಿನವಳೇ ಆದ ಲಕ್ಷ್ಮೀ ನಮ್ಮ ಇಮೇಲ್ ಪಟ್ಟಿಯನ್ನು ಕದ್ದಿದ್ದಾಳೆ. ಇದಕ್ಕೆ ಬೇರೆ ಪದವಿಲ್ಲ. ಹದಿನೇಳು ಹೆಂಗಸರು ನನ್ನನ್ನು ನಂಬಿ ಕೊಟ್ಟ ಇಮೇಲ್ ವಿಳಾಸಗಳಿಗೆ ತನ್ನ ಹೊಸ ಕ್ಲಾಸಿನ ಜಾಹೀರಾತು ಕಳಿಸುತ್ತಿದ್ದಾಳೆ. ಈ ವಾರ ಇದು ಮೂರನೆಯದು. ‘ಹುಕ್ಕೇರಿಯಲ್ಲಿ ಪ್ರಪ್ರಥಮ! ಬೆಲ್ಲಿ ಡ್ಯಾನ್ಸ್! ಮೊದಲ ಹತ್ತು ಮಂದಿಗೆ ಸೊಂಟದ ಪಟ್ಟಿ ಉಚಿತ!’ ಕೆಳಗೆ ಯಾವುದೋ ದೇಶದ ಹೆಂಗಸಿನ ಚಿತ್ರ. ತಲೆ ಕತ್ತರಿಸಿ ಹಾಕಿದ್ದಾಳೆ, ಹೊಟ್ಟೆ ಮಾತ್ರ ಇದೆ.

ಪಟ್ಟಿಯ ಹೊಣೆ ನನ್ನದು. ಅನ್ನಪೂರ್ಣಾ ಟೀಚರ್ ಪುಣೆಯಲ್ಲಿ ಆರು ವರ್ಷ ಬೆಲ್ಲಿ ಡ್ಯಾನ್ಸ್ ಕಲಿತು ಬಂದು ಇಲ್ಲಿ ಕ್ಲಾಸು ಶುರು ಮಾಡಿದಾಗ ಮೊದಲು ಸೇರಿದವಳು ನಾನು. ಸೋಮವಾರ ಗೋಕಾಕದಲ್ಲಿ, ಬುಧವಾರ ಮೂಡಲಗಿಯಲ್ಲಿ, ಶನಿವಾರ ಹುಕ್ಕೇರಿಯಲ್ಲಿ. ಹುಕ್ಕೇರಿಯಲ್ಲಿ ಬಾಡಿಗೆಗೆ ಸಿಕ್ಕಿದ್ದ ಹಾಲ್ ಮೇ ತಿಂಗಳಲ್ಲಿ ಕೈತಪ್ಪಿತು. ಉಳಿದ ಕಡೆಯೂ ಜಾಗ ಖಾಯಂ ಅಲ್ಲ. ಒಂದು ವಾರ ಎಣ್ಣೆ ಗಿರಣಿಯ ಮೇಲಿನ ಕೋಣೆ, ಇನ್ನೊಂದು ವಾರ ಮುಚ್ಚಿದ ಟೈಪಿಂಗ್ ಕ್ಲಾಸು. ಹಾಗಾಗಿ ಪ್ರತಿ ಭಾನುವಾರ ನಾನು ಒಂದು ಮೇಲ್ ಕಳಿಸುತ್ತೇನೆ. ಒಂದೇ ಒಂದು. ವಿಷಯದ ಸಾಲಿನಲ್ಲಿ ಯಾವಾಗಲೂ ‘ಕರದಂಟು ಮಾಡುವ ವಿಧಾನ’. ಒಳಗೆ ನಿಜವಾಗಿಯೂ ಬೆಲ್ಲ, ಅಂಟು, ಒಣಕೊಬ್ಬರಿ ಎಂದು ನಾಲ್ಕು ಸಾಲು, ಐದನೆಯ ಸಾಲಿನಲ್ಲಿ ಜಾಗ ಮತ್ತು ಸಮಯ. ಯಾರ ಹೆಸರೂ ಯಾರಿಗೂ ಕಾಣದಂತೆ ವಿಳಾಸಗಳನ್ನು ಮುಚ್ಚಿ ಹಾಕಬೇಕು. ಯಾರೂ ಮರುಉತ್ತರ ಬರೆಯಬಾರದು. ಫೋಟೋ ಇರಬಾರದು.

ವಾಟ್ಸಾಪ್ ಯಾಕೆ ಬೇಡ ಎಂದು ನಾನೇ ಮೊದಲು ಕೇಳಿದ್ದೆ. ಟೀಚರ್ ನಕ್ಕಿದ್ದರು. “ವಾಟ್ಸಾಪ್ ಮನಿಮಂದಿ ಎಲ್ಲಾ ತೆಗಿತಾರ. ಮೇಲ್ ಯಾರ್ ನೋಡ್ತಾರವ್ವ ನಮ್ಮ ಕಡೆ?”

ನನಗೆ ಈ ಮುಚ್ಚುಮರೆ ಮೊದಲಿನಿಂದಲೂ ಹಿಡಿಸಿಲ್ಲ. ನಾನು ಮನೆಯಲ್ಲಿ ಹೇಳಿಯೇ ಹೋಗುತ್ತೇನೆ. ಅಪ್ಪ ತನ್ನ ರದ್ದಿ ಅಂಗಡಿಯ ತಕ್ಕಡಿಯ ಮುಂದೆ ಕೂತು, “ಹೊಟ್ಟಿ ಕುಣಿಸಾಕ ಕ್ಲಾಸ್ ಯಾಕ ಬೇಕು? ಎರಡ ದಿನಾ ಊಟ ಬಿಡು, ತಾನ ಕುಣಿತೈತಿ” ಎಂದಷ್ಟೇ ಹೇಳಿದ. ಉಳಿದವರೂ ಹೀಗೆ ಎದೆ ಕೊಟ್ಟು ಹೇಳಬಹುದಲ್ಲ? ಆದರೆ ನಿಯಮ ಎಂದರೆ ನಿಯಮ. ಅದನ್ನು ಒಬ್ಬಳು ಮಾರಾಟಕ್ಕೆ ಇಟ್ಟಿದ್ದಾಳೆ.

ಮಾರ್ಚಿನಲ್ಲಿ ನನಗೆ ಜ್ವರ ಬಂದಾಗ ಆ ಭಾನುವಾರದ ಮೇಲ್ ಕಳಿಸಲು ನನ್ನ ನೋಟುಬುಕ್ಕನ್ನು ಅವಳ ಕೈಗೆ ಕೊಟ್ಟಿದ್ದೆ. ಆಗಲೇ ನಕಲು ಮಾಡಿಕೊಂಡಿರಬೇಕು.

ಜುಲೈ ೭, ಸೋಮವಾರ

ಟೀಚರ್‌ಗೆ ಹೇಳಿದೆ. ಅವರು ಕನ್ನಡಿಯ ಮುಂದೆ ಸೊಂಟದ ಪಟ್ಟಿ ಬಿಗಿಯುತ್ತಾ, “ಅಳಿಸಿ ಹಾಕು, ಮುಗೀತು” ಎಂದರು.

ಅಳಿಸಿ ಹಾಕುವುದೇ? ಅನ್ಯಾಯವನ್ನು ಅಳಿಸಿ ಹಾಕಿದರೆ ಅದು ಮುಗಿಯುವುದಿಲ್ಲ, ಮುಂದಿನ ಮನೆಗೆ ಹೋಗುತ್ತದೆ. ಇದನ್ನು ನಾನು ಓದಿದ್ದು ಬೀಡಿ ಕಾರ್ಮಿಕರ ಒಂದು ಕರಪತ್ರದಲ್ಲಿ. ಅಪ್ಪನ ಅಂಗಡಿಗೆ ಬರುವ ರದ್ದಿಯಲ್ಲಿ ಎಲ್ಲ ಸಿಗುತ್ತದೆ. ನೀರಾವರಿ ಹೋರಾಟದ ಹಾಳೆಗಳು, ಬಸವ ಜಯಂತಿಯ ಪುಸ್ತಿಕೆಗಳು, ಮಾಹಿತಿ ಹಕ್ಕಿನ ಕೈಪಿಡಿ, ಮಹಿಳಾ ಸಂಘದ ಹಕ್ಕೊತ್ತಾಯ. ಕಟ್ಟು ಕಟ್ಟುವ ಮುಂಚೆ ನಾನು ಎಲ್ಲವನ್ನೂ ಓದುತ್ತೇನೆ. ಕಾಲೇಜು ನನಗೆ ಇಷ್ಟು ಕಲಿಸಲಿಲ್ಲ.

ನಾಲ್ಕನೆಯ ಜಾಹೀರಾತು ಮಧ್ಯಾಹ್ನ ಬಂತು.

ಜುಲೈ ೯, ಬುಧವಾರ. ಮೂಡಲಗಿಯಿಂದ ಬಂದ ಮೇಲೆ

ಲಕ್ಷ್ಮೀ ಏನೂ ಆಗದವಳಂತೆ ಬಂದಿದ್ದಳು. ಡಬ್ಬಿ ಬಿಚ್ಚಿ, ಜೋಳದ ಹಿಟ್ಟಿನೊಳಗಿಂದ ತನ್ನ ಪಟ್ಟಿಯನ್ನು ಹೊರಗೆಳೆದು ಕೊಡವಿದಳು. ನಾವೆಲ್ಲ ಹಾಗೇ ತರುವುದು. ಹಿಟ್ಟಿನೊಳಗೆ ಹೂತಿಟ್ಟರೆ ಅದರ ತಗಡಿನ ಬಿಲ್ಲೆಗಳು ಬಸ್ಸಿನಲ್ಲಿ ಸದ್ದು ಮಾಡುವುದಿಲ್ಲ.

“ಏನವಾ ಐಶು, ನನ್ನ ಮೇಲ್ ಬಂತಿಲ್ಲೋ?”

“ಬಂತು. ಕಳ್ಳತನದ ಮೇಲ್.”

“ಅಯ್ಯ ಶಿವನ! ಕಳ್ಳತನಾ? ನಾ ಏನ್ ನಿಮ್ಮ ಎಮ್ಮಿ ಹೊಡಕೊಂಡ ಹೋಗೇನೇನು?”

ಎಲ್ಲರೂ ನಕ್ಕರು. ಅಲ್ಲವ್ವ ಎಂಬ ಮುದುಕಿ ಎಲ್ಲರಿಗಿಂತ ಜೋರಾಗಿ. ಅವಳಿಗೆ ಅರವತ್ತು ದಾಟಿದೆ. ಮೂಡಲಗಿಯಲ್ಲಿ ಹೂವು ಮಾರುತ್ತಾಳೆ, ಮಂಡಿನೋವಿಗೆಂದು ಬಂದವಳು ಈಗ ಒಂದು ದಿನವೂ ತಪ್ಪಿಸುವುದಿಲ್ಲ. “ಎಮ್ಮಿ ಹೋದ್ರ ಹೈನ ಹೋಗತೈತಿ. ಮೇಲ್ ಹೋದ್ರ ಏನ್ ಹೋಗತೈತಿ ನಮ್ಮವ್ವ?”

“ಒಪ್ಪಿಗಿ ಹೋಗತೈತಿ” ಎಂದೆ. “ಕೇಳದ ತಗೊಂಡ್ರ, ಅದು ಏನ ಇರ್ಲಿ, ಕಳ್ಳತನಾನ.”

ಯಾರೂ ನಗಲಿಲ್ಲ. ಲಕ್ಷ್ಮೀ ಮುಖ ಬಿಗಿದುಕೊಂಡಳು. “ನಿಮ್ಮ ಟೀಚರು ಹುಕ್ಕೇರಿ ಬಿಟ್ಟರು. ಅಲ್ಲಿ ಬೆಲ್ಲದ ಬಾಗೇವಾಡಿಯಿಂದ, ಘೋಡಗೇರಿಯಿಂದ ಬರೂ ಮಂದಿ ಏನ್ ಮಾಡಬೇಕು? ನಾ ಕ್ಲಾಸ್ ತಗದ್ರ ಗೊತ್ತಾಗೂದು ಹೆಂಗ? ಡಂಗುರಾ ಹೊಡೀಲೇನು?” ಎಂದಳು. ವ್ಯಾಪಾರಿಯ ಮಾತು.

ಬರುವಾಗ ಬಸ್ಸಿನಲ್ಲಿ ರಾಮವ್ವಕ್ಕನ ಪಕ್ಕ ಜಾಗ ಸಿಕ್ಕಿತು. ಮಮದಾಪುರದ ಆಚೆ ಹುಣಸಿತೋಟ ಎಂಬ ವಸತಿಯವಳು, ಅಲ್ಲಿನ ಅಂಗನವಾಡಿಯ ಸಹಾಯಕಿ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡುವವಳು ಅವಳೇ. ಅವಳ ಹೊಟ್ಟೆಯ ಅಲೆ ಕೆಳಗಿನಿಂದ ಏಳುವುದು ನೋಡಿದರೆ ಗಾಳಿ ಬೀಸಿದ ಜೋಳದ ಹೊಲ ನೋಡಿದಂತೆ. ಇದನ್ನೆಲ್ಲಿ ಕಲಿತೆ ಅಕ್ಕಾ ಎಂದು ಕೇಳಿದೆ. ಕಿಟಕಿಯ ಕಡೆ ನೋಡುತ್ತಾ ಹೇಳಿದಳು:

“ಮೂವತ್ತನೇ ವರ್ಷಕ್ಕ ಗರ್ಭಚೀಲ ತಗಸಿದ್ರು. ಆಮ್ಯಾಲ ಈ ಹೊಟ್ಟಿ ನಂದು ಅನಿಸ್ತಿದ್ದಿಲ್ಲ. ಯಾರದೋ ಗಂಟು ಹೊತ್ತಂಗ. ಇಲ್ಲಿ ಬಂದ ಮ್ಯಾಲ ಒಂದಿನ ತಾನ ಅಳ್ಳಾಡಿತು. ಮನಿಯಾಗ ಮಾಡಾಕ ಆಗಂಗಿಲ್ಲ. ಮಕ್ಕಳನ್ನ ಕಳಿಸಿ ಅಂಗನವಾಡಿ ಬಾಗಲಾ ಹಾಕ್ಕೊಂಡು ಅರ್ಧಾ ತಾಸು ಮಾಡ್ತೇನಿ. ಗ್ವಾಡಿ ಮ್ಯಾಲ ಬರದ ಆನಿ, ನವಿಲು ನೋಡ್ತಾವು. ಅವು ಯಾರಿಗೂ ಹೇಳಂಗಿಲ್ಲ. ನೀನೂ ಹೇಳಬ್ಯಾಡ ಮತ್ತ.”

ಎಂಥ ಮಾತು! ಇಂಥವಳು ತನ್ನನ್ನು ತಾನು ಇಷ್ಟು ಸಣ್ಣದಾಗಿ ಕಾಣುತ್ತಾಳಲ್ಲ. ಇಂಥ ಹೆಂಗಸಿನ ವಿಳಾಸದ ಮೇಲೆ ‘ಸೊಂಟದ ಪಟ್ಟಿ ಉಚಿತ’ ಎಂದು ಉಗುಳಿದ್ದಾಳೆ ಲಕ್ಷ್ಮೀ.

ಜುಲೈ ೧೨, ಶನಿವಾರ

ಕಳಿಸಿದೆ! ಎರಡು ದಿನ ಕೂತು ಬರೆದೆ. ತಲೆಬರಹ: ‘ಹದಿನೇಳು ಮಂದಿಯ ಬಹಿರಂಗ ಘೋಷಣೆ’. ವಿಷಯದ ಸಾಲಿನಲ್ಲಿ ಕರದಂಟು ಹಾಕಲಿಲ್ಲ. ಸುಳ್ಳಿನಿಂದ ಸತ್ಯವನ್ನು ಶುರು ಮಾಡಬಾರದು.

ಬರೆಯುತ್ತಾ ಹೋದಂತೆ ನನಗೇ ಸ್ಪಷ್ಟವಾಯಿತು. ಲಕ್ಷ್ಮೀ ಕದಿಯಲು ಸಾಧ್ಯವಾದದ್ದು ಯಾಕೆ? ನಾವು ಮುಚ್ಚಿಟ್ಟದ್ದರಿಂದ. ಮುಚ್ಚಿಟ್ಟದ್ದನ್ನು ಮಾತ್ರ ಕದಿಯಬಹುದು. ಹೆಸರು ಮುಚ್ಚುವುದು ಎಂದರೆ ನಾಚಿಕೆಯನ್ನು ಒಪ್ಪಿಕೊಂಡಂತೆ. ನಾವು ಮಾಡುವುದು ಕಸರತ್ತು, ಕಲೆ, ನಮ್ಮದೇ ದೇಹ. ಆದ್ದರಿಂದ ವಿಳಾಸಗಳನ್ನು ಮುಚ್ಚದೆ, ಹದಿನೇಳೂ ಎಲ್ಲರಿಗೂ ಕಾಣುವಂತೆ ಹಾಕಿದೆ. ಪತ್ರದ ಕೊನೆಗೆ ಒಬ್ಬೊಬ್ಬರ ಹೆಸರು, ಊರು. ಸಹಿ ಇಲ್ಲದ ಘೋಷಣೆಗೆ ಬೆಲೆಯಿಲ್ಲ.

ನಡುವಿನ ಒಂದು ಸಾಲಿನ ಬಗ್ಗೆ ನನಗೆ ಹೆಮ್ಮೆ ಇದೆ. ‘ಗರ್ಭಚೀಲ ಕಳೆದುಕೊಂಡ ನಮ್ಮ ರಾಮವ್ವಕ್ಕ, ಹುಣಸಿತೋಟದ ಅಂಗನವಾಡಿಯ ಮುಚ್ಚಿದ ಬಾಗಿಲ ಹಿಂದೆ, ತನ್ನ ಹೊಟ್ಟೆಯನ್ನು ತಾನೇ ಮರಳಿ ಪಡೆಯುತ್ತಿದ್ದಾಳೆ. ಆ ಬಾಗಿಲು ತೆರೆಯಲಿ!’ ಓದಿದವರ ಕಣ್ಣು ತುಂಬದೇ ಇರದು.

ಅಪ್ಪ ಹಿಂದೆ ನಿಂತು ಫೋನಿನ ಪರದೆ ಓದುತ್ತಿದ್ದ. “ಇವರನ್ನೆಲ್ಲ ಕೇಳಿ ಹಾಕೀಯೇನು ಹೆಸರು?”

“ಇದು ಅವರ ಪರವಾಗಿನ ಪತ್ರ ಅಪ್ಪಾ.”

“ಹೌದವ್ವ. ಕೇಳೀಯೇನು ಅಂದೆ.”

ಗಿರಾಕಿ ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು.

ಜುಲೈ ೧೩, ಭಾನುವಾರ

ಮೂರು ಉತ್ತರ ಬಂದಿವೆ. ಒಬ್ಬಳು ‘ಸೂಪರ್’ ಎಂದಿದ್ದಾಳೆ. ಇನ್ನಿಬ್ಬರು ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆ ಎಂದಿದ್ದಾರೆ. ಹೆದರಿದ್ದಾರೆ, ಪಾಪ. ಹೆದರಿಕೆಗೆ ಮದ್ದು ಇನ್ನಷ್ಟು ಮಾತು. ಅವರಿಗಾಗಿ, ಆದರೆ ಎಲ್ಲರಿಗೂ, ಎರಡನೆಯ ಪತ್ರ ಬರೆದೆ. ಸಂಜೆ ಮೂರನೆಯದು.

ಲಕ್ಷ್ಮೀಯಿಂದ ಸುದ್ದಿಯಿಲ್ಲ. ಜಾಹೀರಾತು ನಿಂತಿದೆ. ಗೆದ್ದೆವು.

ಜುಲೈ ೧೪, ಸೋಮವಾರ

ಹನ್ನೊಂದು ಮಂದಿ ಬರಬೇಕಿತ್ತು, ಬಂದವರು ನಾಲ್ವರು. ಮಳೆ ಇತ್ತು.

ಜುಲೈ ೧೬, ಬುಧವಾರ

ಇಂದು ಮೂಡಲಗಿಯಲ್ಲಿ ಕ್ಲಾಸು ನಡೆಯಲಿಲ್ಲ. ಟೈಪಿಂಗ್ ಕ್ಲಾಸಿನ ಮೆಟ್ಟಿಲ ಮೇಲೆ ಟೀಚರ್ ಒಬ್ಬರೇ ಕೂತಿದ್ದರು, ಬೀಗದ ಕೈ ಮುಷ್ಟಿಯಲ್ಲಿ.

“ಲಕ್ಷ್ಮೀ ಎಷ್ಟು ಮೇಲ್ ಕಳಿಸಿದ್ಲು?”

“ಆರು. ಹತ್ತು ದಿನದಾಗ.”

“ನೀ?”

ಎಣಿಸಲು ಹೊತ್ತು ಬೇಕಾಯಿತು. ಐದು, ಮೊನ್ನೆ ನಿನ್ನೆ ಕಳಿಸಿದ ಎರಡೂ ಸೇರಿ. ನಾಲ್ಕೈದು ದಿನದಲ್ಲಿ. ಆದರೆ ನನ್ನವು ಜಾಹೀರಾತಲ್ಲ ಎಂದೆ.

“ಬಂದವರಿಗೆ ಅದೇನ್ ಗೊತ್ತು? ಬ್ಯಾಡಂದವರ ಮನೀಗೆ ಹೋಗಿ ಕೂಗಿದ್ರ ಎರಡೂ ಒಂದ ಅಲ್ಲೇನು?” ಮತ್ತೆ ಕೇಳಿದರು. “ಐಶ್ವರ್ಯ, ಆ ಹೆಣ್ಣುಮಕ್ಕಳ ಮೇಲ್ ಐಡಿ ಯಾರ್ ಮಾಡಿಕೊಟ್ಟಾರ ಅಂತ ಒಂದ ಸರ್ತಿನರ ಕೇಳೀಯೇನು?”

ಕೇಳಿರಲಿಲ್ಲ. ಟೀಚರ್ ಕೂಡ ಕೇಳಿರಲಿಲ್ಲವಂತೆ, ನಿನ್ನೆಯವರೆಗೆ. ಸರಕಾರದ ಅರ್ಜಿ ತುಂಬುವಾಗ ಮೇಲ್ ಐಡಿ ಬೇಕೆಂದು ಊರೂರಿನ ಆನ್‌ಲೈನ್ ಸೆಂಟರಿನವರೇ ಮಾಡಿಕೊಟ್ಟದ್ದು. ಗುಪ್ತಪದ ಅವರ ರಿಜಿಸ್ಟರಿನಲ್ಲೇ ಇರುತ್ತದೆ. ಮತ್ತೆ ಅರ್ಜಿ ತುಂಬಲು ಬೇಕಾಗುತ್ತದಲ್ಲ. ಯಾರೂ ನೋಡುವುದಿಲ್ಲ ಎಂದು ನಾವು ಒಂದೂವರೆ ವರ್ಷದಿಂದ ನಂಬಿದ್ದ ಪೆಟ್ಟಿಗೆಯ ಬೀಗದ ಕೈ ಪ್ರತಿ ಊರಲ್ಲೂ ಒಬ್ಬ ಗಂಡಸಿನ ಹತ್ತಿರ ಇದೆ.

“ಹಂಗಾದ್ರ ನಾವು ಆ ಪದ್ಧತಿ ವಿರುದ್ಧ—”

“ಪತ್ರಾ ಬರೀಬ್ಯಾಡ” ಎಂದರು ಟೀಚರ್.

ಜುಲೈ ೧೯, ಶನಿವಾರ

ಅಲ್ಲವ್ವ ಅಂಗಡಿಗೆ ಬಂದು ಹೇಳಿದಳು. ರಾಮವ್ವಕ್ಕನ ಮೈದುನ ಬಾಳೇಶ ಮಮದಾಪುರದಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದಾನೆ. ನನ್ನ ಘೋಷಣೆಯನ್ನು ಅವನು ಪ್ರಿಂಟ್ ತೆಗೆದು ಅಣ್ಣನ ಕೈಗೆ ಕೊಟ್ಟಿದ್ದಾನೆ. ಒಂದು ಪ್ರತಿ ಅಲ್ಲ. ಹುಣಸಿತೋಟದ ಪ್ರತಿ ಮನೆಗೆ ಒಂದು.

“ಹೊಡದಾರ?” ಎಂದು ಕೇಳಿದೆ.

ಅಲ್ಲವ್ವ ಹೂವಿನ ಬುಟ್ಟಿಯ ಮೇಲಿನ ಒದ್ದೆ ಅರಿವೆ ಸರಿಮಾಡಿದಳು. “ಕೈಗೆ ಪಟ್ಟಿ ಕಟ್ಯಾರ ಅಂತ ಕೇಳೇನಿ. ಕುಣಿಯೂ ಪಟ್ಟಿ ಅಲ್ಲ ಮತ್ತ. ದವಾಖಾನಿದು.”

ಜುಲೈ ೨೧, ಸೋಮವಾರ

ಮಮದಾಪುರಕ್ಕೆ ಹೋದೆ. ಮೊದಲು ಬಾಳೇಶನ ಸೆಂಟರಿಗೆ. ಹೋಗುವಾಗ ಬಸ್ಸಿನಲ್ಲಿ ಹೇಳಬೇಕಾದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಖಾಸಗಿತನದ ಹಕ್ಕು, ಕಾನೂನು, ದೂರು ಕೊಡುತ್ತೇನೆ ಎನ್ನುವುದು.

ಬಾಳೇಶ ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಕುರ್ಚಿ ಹಾಕಿಸಿದ, ನೀರು ಕೊಟ್ಟ. ಅದೇ ಕಷ್ಟವಾಯಿತು.

“ಪರರ ಪತ್ರಾ ಓದೂದು ಅಪರಾಧ” ಎಂದೆ.

“ನಾ ಎಲ್ಲಿ ಓದೇನ್ರಿ? ವರ್ಷಗಟ್ಟಲೆ ಕರದಂಟ ಮಾಡೂ ವಿಧಾನ ಅಂತ ಬಂತು. ಓದಿಲ್ಲ. ಮೊನ್ನಿಮೊನ್ನಿ ಹೊಟ್ಟಿ ಚಿತ್ರದ ಜಾಹೀರಾತು ಬಂತು. ಅದನ್ನೂ ಓದಿಲ್ಲ. ದಿನಾ ಅಂಥಾವು ನೂರ ಬರ್ತಾವು, ಸಾಲಾ ತಗೋರಿ, ಲಾಟರಿ ಹತ್ತೈತಿ. ಜಾಹೀರಾತ ಯಾರ್ ಓದ್ತಾರ್ರಿ? ನಿಮ್ಮದು ಪತ್ರ. ಮ್ಯಾಲ ಹದಿನೇಳು ಹೆಸರು, ನಡಬರಕ ನಮ್ಮ ವೈನಿ ಹೆಸರು, ಅಂಗನವಾಡಿ ಹೆಸರು. ಇಷ್ಟ ಚಲೋ ಬರದ್ರ ಓದದ ಹೆಂಗ ಇರಬೇಕು?”

ಗಲ್ಲಾಪೆಟ್ಟಿಗೆಯ ಮೇಲೆ ಇನ್ನೊಂದು ಹಾಳೆ ಇತ್ತು. ಊರಿನವರ ಅರ್ಜಿ. ‘ಮಕ್ಕಳ ಕೇಂದ್ರದಲ್ಲಿ ಅಸಭ್ಯ ನೃತ್ಯ ಮಾಡುವ ಸಹಾಯಕಿಯನ್ನು ತೆಗೆದು ಬೇರೆಯವರನ್ನು ನೇಮಿಸಬೇಕು.’ ಬೇರೆಯವರು ಯಾರು ಎಂದು ಬರೆದಿರಲಿಲ್ಲ. ಒಳಗಿನಿಂದ ಚಹಾ ತಂದ ಅವನ ಹೆಂಡತಿ ನನ್ನ ಮುಖ ನೋಡಲಿಲ್ಲ.

ಅರ್ಜಿಗೆ ಲಗತ್ತು: ನನ್ನ ಪತ್ರ. ‘ಮುಚ್ಚಿದ ಬಾಗಿಲ ಹಿಂದೆ’ ಎಂಬ ಸಾಲಿಗೆ ಕೆಂಪು ಗೆರೆ.

ಅಲ್ಲಿಂದ ಹುಣಸಿತೋಟಕ್ಕೆ ನಡೆದೆ. ಮನೆಯ ಮುಂದೆ ಅತ್ತೆ ಕೆಂಚವ್ವ ಕೂತು ಶೇಂಗಾ ಸುಲಿಯುತ್ತಿದ್ದಳು. “ಆಕಿ ಇಲ್ಲ” ಎಂದಳು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಒಂದು ಪಾತ್ರೆ ಇಟ್ಟು, ಬಹಳ ಹೊತ್ತು ಬಿಟ್ಟು ಇನ್ನೊಂದು. ಒಂದೇ ಕೈಯಿಂದ ತಿಕ್ಕುವವರ ಸದ್ದು.

ನಾನು ಬಸ್ಸಿನ ದಾರಿಗೆ ತಿರುಗಿ ನಡೆದೆ.

ಜುಲೈ ೨೨, ಮಂಗಳವಾರ

ಟೀಚರ್ ಕ್ಲಾಸು ಮುಚ್ಚಿದರು. ಗಿರಣಿಯವರು ಕೋಣೆ ಖಾಲಿ ಮಾಡಲು ಹೇಳಿದ್ದಾರೆ.

ಜುಲೈ ೨೯, ಮಂಗಳವಾರ. ನಾಗರ ಪಂಚಮಿ

ಉಂಡಿ ತಿನ್ನಲಾಗಲಿಲ್ಲ. ಓಣಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ನಿಂತು ಜೀಕುತ್ತಿದ್ದರು.

ರಾಮವ್ವಕ್ಕನ ತವರು ಘೋಡಗೇರಿ. ಕರೆಯಲು ಬಂದ ತಮ್ಮನನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದರಂತೆ.

ಆಗಸ್ಟ್ ೧, ಶುಕ್ರವಾರ. ಹುಕ್ಕೇರಿ

ಲಕ್ಷ್ಮೀಯ ಕ್ಲಾಸು ಎಂದರೆ ಅವಳ ಹೊಲಿಗೆ ಅಂಗಡಿಯ ಹಿಂದಿನ ಕೋಣೆ. ಗೋಡೆಗೆ ಅರ್ಧ ಕನ್ನಡಿ. ಯಾರೂ ಇರಲಿಲ್ಲ. ನೆಲದ ಮೇಲೆ ಕೂತು ಪಟ್ಟಿಗಳಿಗೆ ಬಿಲ್ಲೆ ಹೊಲಿಯುತ್ತಿದ್ದಳು. ಉಚಿತ ಎಂದಿದ್ದಳಲ್ಲ, ಆ ಹತ್ತು.

ಬೈಯುತ್ತಾಳೆ ಎಂದುಕೊಂಡಿದ್ದೆ. “ಸೂಜ್ಯಾಗ ದಾರ ಪೋಣಸು, ನಂಗ ಕಾಣವಲ್ದು” ಎಂದಳು.

ದಾರ ಪೋಣಿಸಿ ಕೊಟ್ಟು ಕೇಳಿದೆ. “ವಿಳಾಸ ನನ್ನ ನೋಟುಬುಕ್ಕಿನಿಂದ ತಗೊಂಡಿಯೇನು?”

“ಆರು. ನಿಂದು ಹಿಡದು. ಅದು ಕದ್ದದ್ದ, ಖರೆ. ಉಳದ ಹನ್ನೊಂದು ಮಂದಿನ್ನ ಒಬ್ಬೊಬ್ಬರನ್ನ ಕೇಳೇನಿ. ಬಸ್ಸಿನ್ಯಾಗ, ಸಂತ್ಯಾಗ.”

“ರಾಮವ್ವಕ್ಕಂದು?”

“ಆಕಿ ತಾನ ಕೊಟ್ಲು. ಘೋಡಗೇರಿ ತವರಮನಿ ಅಲ್ಲೇನು, ಹುಕ್ಕೇರಿ ಬಾಜೂಕ ಆಗತೈತಿ, ತವರಿಗೆ ಬಂದಾಗೊಮ್ಮೆ ಬರ್ತೇನಿ ಅಂದಿದ್ಲು. ದಿನಾ ಕಳಿಸು, ಹೊಸಾ ಹೊಸಾ ಚಿತ್ರಾ ಹಾಕು ಅಂತಿದ್ಲು ನಗಕೋತ.”

ನಾನು ಆ ಜಾಹೀರಾತುಗಳಿಂದ ಯಾರನ್ನು ಕಾಪಾಡಲು ಹೊರಟಿದ್ದೆನೋ ಅವಳು ಅವುಗಳಿಗಾಗಿ ಕಾಯುತ್ತಿದ್ದಳು.

ಲಕ್ಷ್ಮೀ ಈಗಾಗಲೇ ಎರಡು ಸಲ ಹುಣಸಿತೋಟಕ್ಕೆ ಹೋಗಿ ಬಂದಿದ್ದಾಳೆ. ರವಿಕೆ ಅಳತೆಯ ನೆಪದಲ್ಲಿ. ಟೇಪು ಹಿಡಿದುಕೊಂಡು ಹೋದರೆ ಯಾವ ಅತ್ತೆಯೂ ತಡೆಯುವುದಿಲ್ಲವಂತೆ. ನನಗೆ ಹೊಳೆದೇ ಇರಲಿಲ್ಲ.

“ನಾ ಆಕಿನ್ನ ನೋಡಬೇಕು” ಎಂದೆ.

“ಆಕಿ ನಿನ್ನ ನೋಡತಾಳೇನು ಕೇಳ್ತೇನಿ” ಎಂದಳು. “ಕೇಳಿ ಹೇಳ್ತೇನಿ. ಅಲ್ಲೀತನಕಾ ಸುಮ್ಮನಿರು.”

ಬಾಕಿ ನಾಲ್ಕು ಪಟ್ಟಿಗೆ ಬಿಲ್ಲೆ ಹೊಲಿದು ಕೊಟ್ಟು ಬಂದೆ.

ಆಗಸ್ಟ್ ೩, ಭಾನುವಾರ

ಲಕ್ಷ್ಮೀ ಫೋನು ಮಾಡಿದಳು. ಬಾ ಅಂದಾಳ, ನಾಳೆ ಹನ್ನೆರಡಕ್ಕೆ, ಅಂಗನವಾಡಿಗೆ. ಅಷ್ಟೇ.

ಭಾನುವಾರ. ಮೇಲ್ ಕಳಿಸುವ ದಿನ. ನೋಟುಬುಕ್ಕು ತೆಗೆದು ನೋಡಿದೆ. ಹದಿನೇಳು ಸಾಲು ನನ್ನದೇ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು ‘ನಿಯಮಗಳು’. ಆ ಎರಡು ಹಾಳೆ ಹರಿದೆ. ಅಪ್ಪ ರದ್ದಿಗೆ ಹಾಕಲು ಕೈ ಚಾಚಿದ. ಕೊಡಲಿಲ್ಲ. ಬೆಲ್ಲದ ಪಾಕಕ್ಕೆ ಹಚ್ಚಿದ್ದ ಒಲೆಗೆ ಹಾಕಿದೆ. ಫೋನಿನಲ್ಲಿದ್ದದ್ದನ್ನೂ ಅಳಿಸಿದೆ.

ಆಗಸ್ಟ್ ೪, ಸೋಮವಾರ

ಮಕ್ಕಳು ಊಟ ಮಾಡಿ ಮಲಗಿದ್ದರು, ಒಂದೇ ಜಮಖಾನೆಯ ಮೇಲೆ ಒಂಬತ್ತು. ಗೋಡೆಯ ಮೇಲೆ ಆನೆ, ನವಿಲು. ರಾಮವ್ವಕ್ಕ ಬೇಳೆ ಆರಿಸುತ್ತಿದ್ದಳು. ಎಡಗೈಗೆ ಇನ್ನೂ ಪಟ್ಟಿ ಇತ್ತು. ಬಲಗೈಯಿಂದ ಕಲ್ಲು ತೆಗೆದು ಬೀಸಾಡುತ್ತಿದ್ದಳು. ನಾನು ಎದುರು ಕೂತು ನಾನೂ ಆರಿಸತೊಡಗಿದೆ.

ಅವಳೇ ಮೊದಲು ಮಾತಾಡಿದಳು.

“ಹೇಳಬ್ಯಾಡ ಅಂದಿದ್ನಲ್ಲ ತಂಗಿ.”

“ಹೌದಕ್ಕ.”

“ಆನಿ ನವಿಲಿಗೆ ಇದ್ದಷ್ಟು ತಿಳುವಳಿಕಿ ನಿಂಗ ಇರ್ಲಿಲ್ಲ ನೋಡು.”

ತಪ್ಪಾಯಿತು ಎಂದೆ. ಅವಳು ಇನ್ನೊಂದು ಕಲ್ಲು ಬೀಸಾಡಿ ಮುಂದಿನ ಸುದ್ದಿ ಹೇಳಿದಳು. ಗುರುವಾರ ಅಂಗನವಾಡಿಯ ಬಾಲವಿಕಾಸ ಸಮಿತಿ ಕೂಡುತ್ತದೆ, ಇದೇ ಕಟ್ಟೆಯ ಮೇಲೆ. ಬಾಳೇಶನ ಅರ್ಜಿ ಅಲ್ಲಿ ಓದುತ್ತಾರೆ. ಅವಳನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಅಂದೇ ತೀರ್ಮಾನ.

“ಈ ಕೆಲಸಾ ಇದ್ರ ಮುಂಜಾನೆ ಎದ್ದು ಹೊರಗ ಬರ್ತೇನಿ. ಇಲ್ಲಂದ್ರ ಹೊಸ್ತಿಲ ಒಳಗ, ಸಾಯೂತನಕಾ. ಅವರು ಅಂದಾರ ಹಂಗ. ಕುಣಿಯೂದು ಹೋಗ್ಲಿ, ಸಂತಿಗೂ ಕಳಸಂಗಿಲ್ಲ” ಎಂದಳು. ಅವರು ಎಂದರೆ ಗಂಡ ಮಾಲಿಂಗಪ್ಪ.

“ನಾ ಬಂದು ಹೇಳ್ತೇನಿ. ಪತ್ರಾ ನಾ ಬರದದ್ದು, ಅದರಾಗಿನ ಮಾತು ಸುಳ್ಳು, ನಾನ ಕಟ್ಟಿ ಬರದೇನಿ ಅಂತೇನಿ.”

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ನಗೆಯಂಥದ್ದು ಒಂದು ಬಂದು ಹೋಯಿತು. “ನಿಂಗ ಸುಳ್ಳ ಹೇಳಾಕ ಬರಂಗಿಲ್ಲ. ಖರೆ ಹೇಳಿದ್ರ ಇಷ್ಟ ಆಗೈತಿ. ಎರಡೂ ಬ್ಯಾಡ. ಕೇಳಿದ್ರ ನಾ ಹೇಳ್ತೇನಿ. ಮಾಡೇನಿ ಅಂತೇನಿ, ಮಕ್ಕಳು ಹೋದ ಮ್ಯಾಲ ಮಾಡೇನಿ, ಯಾಕ ಮಾಡೇನಿ ಅಂತ ಹೇಳ್ತೇನಿ. ಆಪರೇಶನ್ ಮಾತು ನನ್ನ ಬಾಯಿಲೆ ನಾ ಹೇಳಬೇಕು. ನೀ ಹೇಳಿದ್ದು ಸಾಕು.”

“ಹಂಗಾದ್ರ ನಾ ಬರೂದು ಬ್ಯಾಡೇನು?”

“ಬಾ. ಬಂದು ಬಾಜೂಕ ಕುಂದ್ರು. ಅಲ್ಲಿ ಆ ಕಡೆ ಹದಿನೈದು ಮಂದಿ ಕುಂತಿರ್ತಾರ. ಈ ಕಡೆ ನಾ ಒಬ್ಬಾಕಿನ ಆಗಬಾರದು.”

“ಎಲ್ಲಾರಿಗೂ ಹೇಳ್ಲೇನು, ನಮ್ಮ—” ನಾಲಿಗೆ ಕಚ್ಚಿಕೊಂಡೆ.

“ಮೇಲ್ ಕಳಿಸಿದ್ರ ನಿನ್ನ ಕೈ ಮುರೀತೇನಿ ನೋಡು” ಎಂದಳು. ತನ್ನ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿ, “ನಂಗ ಒಬ್ಬಾಕಿಗೇ ಯಾಕ ಇದು” ಎಂದು ಮತ್ತೆ ಬೇಳೆಗೆ ಬಾಗಿದಳು.

ಜಮಖಾನೆಯ ಮೇಲೆ ಒಂದು ಮಗು ಎದ್ದು ಅಳತೊಡಗಿತು. ಒಂದೇ ಕೈಯಲ್ಲಿ ಅದನ್ನು ಸೊಂಟಕ್ಕೆ ಎತ್ತಿಕೊಂಡಳು. ಅವಳ ಸೊಂಟ ತಾನಾಗಿಯೇ, ತೀರ ಸಣ್ಣಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿತು. ಮಗು ಸುಮ್ಮನಾಯಿತು.

ಆಗಸ್ಟ್ ೫, ಮಂಗಳವಾರ

ಮೂಡಲಗಿಗೆ ಹೋಗಿ ಅಲ್ಲವ್ವನ ಬುಟ್ಟಿಯ ಪಕ್ಕ ಕೂತೆ. ಅವಳು ಒಂದು ಮೊಳ ಹೂವು ಕಟ್ಟಿ ಮುಗಿಸಿದಳು. ಆಮೇಲೆ ಕೇಳಿದೆ, ಬರ್ತೀಯೇನು, ಬರದಿದ್ರೂ ನಡೀತೈತಿ ಎಂದು. “ಗುರುವಾರ ಹೂವಿಗೆ ಗಿರಾಕಿ ಹೆಚ್ಚು” ಎಂದಳು. ಆಮೇಲೆ, “ಬರ್ತೇನಿ. ಮಾತಾಡಬೇಕೇನು?” ಎಂದಳು. ಇಲ್ಲ, ಕೂರುವುದಷ್ಟೇ ಎಂದೆ.

ಟೀಚರ್ ಮನೆಯ ಬಾಗಿಲು ತೆರೆದರು, ನನ್ನ ಮಾತು ಕೇಳಿಸಿಕೊಂಡರು, ಆಗುವುದಿಲ್ಲ ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ‘ಸೂಪರ್’ ಎಂದು ಬರೆದಿದ್ದವಳನ್ನು ಸಂತೆಯಲ್ಲಿ ಕಂಡೆ. ಗಂಡನ ಜೊತೆ ಇದ್ದಳು. ನನ್ನನ್ನು ಗುರುತಿಸದವಳಂತೆ ಮೆಣಸಿನಕಾಯಿ ಆರಿಸಿದಳು. ನಾನೂ ಗುರುತಿಸದವಳಂತೆ ಮುಂದೆ ಹೋದೆ. ಇನ್ನುಳಿದವರ ಮನೆಗಳ ಕಡೆ ಹೋಗಲಿಲ್ಲ.

ನನ್ನನ್ನೂ ಸೇರಿ ಒಟ್ಟು ಮೂವರು. ಲಕ್ಷ್ಮೀ ಟೇಪು ಕೊರಳಿಗೆ ಹಾಕಿಕೊಂಡೇ ಬರುತ್ತೇನೆ ಎಂದಿದ್ದಾಳೆ.

ಗುರುವಾರ ತಕ್ಕಡಿ ನೋಡಿಕೊಳ್ಳಲಾಗುವುದಿಲ್ಲ ಎಂದು ಅಪ್ಪನಿಗೆ ಹೇಳಿದೆ. ಭಾಷಣಕ್ಕೆ ಹೊಂಟಿಯೇನು ಎಂದ. ಕೂರಾಕ ಹೊಂಟೇನಿ ಎಂದೆ. ಅಪ್ಪ ಕಟ್ಟು ಬಿಗಿಯುತ್ತಿದ್ದ ಹಗ್ಗ ಬಿಟ್ಟು ನನ್ನ ಮುಖ ನೋಡಿದ. ಯಾಕೆ ಹಾಗೆ ನೋಡಿದನೋ ತಿಳಿಯಲಿಲ್ಲ.

ಗೋಕಾಕದಿಂದ ಒಂಬತ್ತು ಹತ್ತರ ಬಸ್ಸು. ಮಮದಾಪುರದಲ್ಲಿ ಇಳಿದು ಅರ್ಧ ತಾಸಿನ ನಡಿಗೆ. ಗುರುವಾರ, ಆಗಸ್ಟ್ ಏಳು, ಬೆಳಿಗ್ಗೆ ಹತ್ತೂವರೆ. ಹುಣಸಿತೋಟದ ಅಂಗನವಾಡಿ ಕಟ್ಟೆ. ನನ್ನ ಜಾಗ ರಾಮವ್ವಕ್ಕನ ಎಡಗಡೆ.